ಮೈಮೇಲಿನ ಮಚ್ಚೆ, ನರಹುಲಿ, ಚುಕ್ಕೆ: ಯಾವುದನ್ನು ಬಿಡಬೇಕು, ಯಾವುದನ್ನು ತೋರಿಸಬೇಕು?

ತೋಟದಲ್ಲಿ ಒಂದು ಎಲೆಗೆ ಚುಕ್ಕೆ ಬಿದ್ದರೆ ನಾವು ಕೂಡಲೇ ಬಗ್ಗಿ ನೋಡುತ್ತೇವೆ. ಕಾಫಿಯ ತುಕ್ಕು ರೋಗವೋ, ಅಡಿಕೆಯ ಎಲೆಚುಕ್ಕೆ ರೋಗವೋ ಎಂದು ವಿಚಾರಿಸಿ, ಹೆಸರು ಗೊತ್ತಾದ ಮೇಲೆಯೇ ಔಷಧಿ ಹೊಡೆಯುತ್ತೇವೆ. ಆದರೆ ಸ್ವಂತ ಮೈಮೇಲಿನ ಚುಕ್ಕೆಯ ವಿಷಯದಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಹೆಸರು ತಿಳಿಯುವ ಮೊದಲೇ ಸುಣ್ಣ ಹಚ್ಚುವವರು ಕೆಲವರು. ಹೆದರಿ ಮುಚ್ಚಿಡುವವರು ಕೆಲವರು.

ಇದು ಮಲೆನಾಡಿನ ಮಾತಷ್ಟೇ ಅಲ್ಲ. ರಾಗಿ, ರೇಷ್ಮೆ, ಟೊಮ್ಯಾಟೊ, ಹೈನುಗಾರಿಕೆಯ ಬಯಲುಸೀಮೆಯಾದ ಕೋಲಾರ ತಾಲ್ಲೂಕಿನ ಕ್ಯಾಲನೂರನ್ನು ತೆಗೆದುಕೊಳ್ಳೋಣ. ಆ ಕಡೆ ಕನ್ನಡದ ಜೊತೆಗೆ ತೆಲುಗು, ತಮಿಳು ಸಲೀಸಾಗಿ ಓಡಾಡುತ್ತವೆ. ಕನ್ನಡದ ನರಹುಲಿ ತೆಲುಗಿನಲ್ಲಿ ಪುಲಿಪಿರಿ, ತಮಿಳಿನಲ್ಲಿ ಮರು. ಭಾಷೆ ಮೂರಾದರೂ ತೊಡಕು ಒಂದೇ. ಬೇರೆ ಬೇರೆ ಗುಣದ ನಾಲ್ಕೈದು ಬೆಳವಣಿಗೆಗಳನ್ನು ಜನ ಒಂದೇ ಹೆಸರಿನಿಂದ ಕರೆಯುತ್ತಾರೆ. ಒಂದಕ್ಕೆ ಹೇಳಿದ ಮದ್ದನ್ನು ಎಲ್ಲದಕ್ಕೂ ಹಚ್ಚುತ್ತಾರೆ.

ಒಂದೊಂದಾಗಿ ನೋಡೋಣ

ನಿಜವಾದ ನರಹುಲಿ ಒರಟಾಗಿ, ಹೂಕೋಸಿನ ತಲೆಯಂತೆ ಇರುತ್ತದೆ. ಕೈಬೆರಳು, ಮೊಣಕಾಲು, ಪಾದಗಳಲ್ಲಿ ಹೆಚ್ಚು. ಇದರ ಕಾರಣ ಸ್ಪಷ್ಟ: ಒಂದು ವೈರಸ್. ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಕೆರೆದುಕೊಂಡರೆ ತನ್ನ ಮೈಯಲ್ಲೇ ಬೇರೆ ಕಡೆಗೂ ಹಬ್ಬುತ್ತದೆ. ಮಕ್ಕಳಲ್ಲಿ ಇದು ಬಹಳಷ್ಟು ವೇಳೆ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಉದುರಿಹೋಗುತ್ತದೆ. ದೇವಸ್ಥಾನಕ್ಕೆ ಉಪ್ಪು, ಮೆಣಸು ಒಪ್ಪಿಸುವ ಹರಕೆ ಫಲಿಸಿತೆಂದು ಹಿರಿಯರು ಹೇಳುವುದರಲ್ಲಿ ಈ ಗುಣವೂ ಸೇರಿದೆ. ಹರಕೆಯಿಂದ ಚರ್ಮಕ್ಕೆ ಕೇಡಿಲ್ಲ. ಕೇಡು ಇರುವುದು ಕೆಲವು ಮದ್ದುಗಳಲ್ಲಿ. ಆ ಮಾತು ಮುಂದೆ ಬರುತ್ತದೆ.

ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಸಣ್ಣ ತೊಟ್ಟಿನಿಂದ ಜೋತುಬಿದ್ದ ಮೆತ್ತನೆಯ ಚರ್ಮದ ತುಣುಕು ಬೇರೆಯೇ. ಇದು ಅಂಟುವುದಿಲ್ಲ. ನಡುವಯಸ್ಸಿನಲ್ಲಿ, ಮೈ ಬಂದವರಲ್ಲಿ, ಗರ್ಭಿಣಿಯರಲ್ಲಿ ಹೆಚ್ಚು. ಚರ್ಮದ ತಿಕ್ಕಾಟ ಒಂದು ಕಾರಣವೆನ್ನುತ್ತಾರೆ. ಪೂರ್ಣ ಕಾರಣ ಇಂದಿಗೂ ಸ್ಪಷ್ಟವಾಗಿಲ್ಲ. ಆದರೆ ಒಂದು ಸಂಗತಿಯನ್ನು ನೆನಪಿಡಬೇಕು. ಇಂಥ ತುಣುಕುಗಳು ಬಹಳವಿದ್ದು, ಕತ್ತಿನ ಹಿಂಭಾಗ ಕಪ್ಪಾಗಿ, ದಪ್ಪವಾಗಿ, ಮಖಮಲ್ಲಿನಂತೆ ಆಗಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗದು. ಸಕ್ಕರೆ ಕಾಯಿಲೆಯ ಮುನ್ಸೂಚನೆ ಆಗಿರಬಹುದು.

ಕೆನ್ನೆ, ಕಣ್ಣಿನ ಸುತ್ತ ಸಾಸಿವೆ ಕಾಳಿನಂತೆ ಏಳುವ ಕಪ್ಪು ಬೊಟ್ಟುಗಳು ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಸರ್ವೇಸಾಮಾನ್ಯ. ಇವನ್ನು 1925ರಲ್ಲಿ ಆಲ್ಡೊ ಕಾಸ್ಟೆಲ್ಲಾನಿ ಎಂಬ ವೈದ್ಯರು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದರು. ತಾಯಿಗಿದ್ದರೆ ಮಗಳಿಗೂ ಬರುವುದುಂಟು. ಇವು ನಿರಪಾಯಕಾರಿ. ವಯಸ್ಸಾದವರ ಬೆನ್ನು, ಎದೆಯ ಮೇಲೆ ಮೇಣ ಅಂಟಿಸಿದಂತೆ ಕಾಣುವ ಕಂದು ಬಿಲ್ಲೆಗಳೂ, ಮೂವತ್ತು ದಾಟಿದವರ ಮೈಮೇಲೆ ಕಾಣುವ ಕೆಂಪು ರಕ್ತಬೊಟ್ಟುಗಳೂ, ಬೆರಳಿನಿಂದ ಒತ್ತಿದರೆ ಚರ್ಮದಡಿಯಲ್ಲಿ ಜಾರುವ ಮೆತ್ತನೆಯ ಕೊಬ್ಬಿನ ಗಂಟುಗಳೂ ಸಾಮಾನ್ಯವಾಗಿ ಇದೇ ಗುಂಪಿನವು.

ಹುಟ್ಟುಮಚ್ಚೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶಾಲೆ, ನೌಕರಿಯ ದಾಖಲೆಗಳಲ್ಲಿ ಗುರುತಿನ ಚಿಹ್ನೆಯಾಗಿ ಬರೆಸಿದ್ದು ಅದನ್ನೇ. ವರ್ಷಗಟ್ಟಲೆ ಬದಲಾಗದೆ ಇರುವುದರಿಂದಲೇ ಅದು ಗುರುತಾಯಿತು.

ಬಿಳಿ ಚುಕ್ಕೆಯ ಭಯ

ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವುದು ಬಿಳಿ ಚುಕ್ಕೆ. ವಯಸ್ಸಾದವರ ಮೊಣಕಾಲ ಕೆಳಗೆ, ಮುಂಗೈ ಮೇಲೆ ಅಕ್ಕಿಕಾಳಿನಷ್ಟು ಗಾತ್ರದ ಬಿಳಿ ಚುಕ್ಕೆಗಳು ಬೀಳುವುದುಂಟು. ವಯಸ್ಸು, ಬಿಸಿಲು ಕಾರಣವಿರಬಹುದು; ಖಚಿತ ಕಾರಣ ತಿಳಿದಿಲ್ಲ. ಇದು ತೊನ್ನೂ ಅಲ್ಲ, ಕುಷ್ಠವೂ ಅಲ್ಲ, ಅಂಟುವುದೂ ಇಲ್ಲ. ಇಂಥ ಚುಕ್ಕೆಯ ನೆಪದಲ್ಲಿ ಮನೆಯ ಹೆಣ್ಣುಮಕ್ಕಳ ಸಂಬಂಧ ಮುರಿಯುವುದು, ಕೂಲಿಯಾಳನ್ನು ದೂರ ಕೂರಿಸುವುದು ಅನ್ಯಾಯ.

ಕುಷ್ಠದ ಮಚ್ಚೆಗೆ ಗುರುತು ಬೇರೆ. ಮಾಸಲು ಅಥವಾ ಕೆಂಪು ಛಾಯೆಯ ಆ ಮಚ್ಚೆಯ ಮೇಲೆ ಹತ್ತಿಯ ಎಳೆ ಆಡಿಸಿದರೆ ಸ್ಪರ್ಶ ತಿಳಿಯದಿರಬಹುದು. ಅಂಥ ಜೋಮು ಇದ್ದರೆ ತಡಮಾಡಬಾರದು. 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಕುಷ್ಠ ಗುಣವಾಗುತ್ತದೆ. ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬೇಗ ಹಿಡಿದರೆ ಕೈಕಾಲು ಊನವಾಗುವುದು ತಪ್ಪುತ್ತದೆ.

ಮನೆಮದ್ದಿನ ಅಪಾಯ

ಎಲೆಯಡಿಕೆಯ ತಟ್ಟೆಯ ಸುಣ್ಣಕ್ಕೆ ಸಾಬೂನು ಅಥವಾ ಸೋಡಾ ಕಲಸಿ ನರಹುಲಿಗೆ ಮೆತ್ತುವ ರೂಢಿ ಹಲವು ಕಡೆ ಇದೆ. ಈ ಮಿಶ್ರಣ ನರಹುಲಿಯನ್ನಷ್ಟೇ ಆರಿಸಿ ಸುಡುವುದಿಲ್ಲ, ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಟ್ಟು ಗುಳಿ ಬೀಳಿಸುತ್ತದೆ. ಗೋಡಂಬಿ ಸಿಪ್ಪೆಯ ಎಣ್ಣೆಯೂ ಹಾಗೆಯೇ. ಗೇರುಬೀಜ ಸುಡುವಾಗ ಕೈ ಬೊಬ್ಬೆ ಎದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುದುರೆ ಬಾಲದ ಕೂದಲು, ರೇಷ್ಮೆ ಎಳೆ ಬಿಗಿದು ಕಟ್ಟುವುದರಿಂದ ಕೀವು, ಧನುರ್ವಾಯು ತಗಲಬಹುದು. ಸಕ್ಕರೆ ಕಾಯಿಲೆಯವರಿಗಂತೂ ಕಾಲಿನ ಗಾಯ ಬೇಗ ಮಾಯುವುದಿಲ್ಲ. ಇನ್ನೊಂದು ನಷ್ಟವೂ ಇದೆ: ಸುಟ್ಟು ಅಥವಾ ಕಿತ್ತು ಎಸೆದದ್ದು ಯಾವುದಾಗಿತ್ತೆಂದು ಆಮೇಲೆ ಪರೀಕ್ಷಿಸಲು ಆಗದು.

ವೈದ್ಯರು ಇವನ್ನು ತಣ್ಣನೆಯ ದ್ರವ ಸಾರಜನಕದಿಂದಲೋ, ವಿದ್ಯುತ್ತಿನಿಂದಲೋ, ಸಣ್ಣ ಶಸ್ತ್ರಕ್ರಿಯೆಯಿಂದಲೋ ತೆಗೆಯುತ್ತಾರೆ. ತೆಗೆದದ್ದನ್ನು, ಸಂಶಯವಿದ್ದರೆ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ತೊಂದರೆ ಕೊಡದಿದ್ದರೆ ತೆಗೆಸದೆಯೂ ಇರಬಹುದು.

ಯಾವಾಗ ತೋರಿಸಬೇಕು?

ಮಚ್ಚೆ ಅಥವಾ ಗಂಟು ಕೆಲವೇ ತಿಂಗಳಲ್ಲಿ ದೊಡ್ಡದಾದರೆ, ಅಂಚು ಅಂಕುಡೊಂಕಾದರೆ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಕಂಡರೆ, ತಾನಾಗಿ ರಕ್ತ ಒಸರಿದರೆ, ಹುಣ್ಣಾಗಿ ಮೂರು ನಾಲ್ಕು ವಾರವಾದರೂ ಮಾಯದಿದ್ದರೆ ತೋರಿಸಲೇಬೇಕು. ಚರ್ಮದ ಮಾರಕ ಕಪ್ಪು ಗಂತಿ ನಮ್ಮವರಲ್ಲಿ ವಿರಳ. ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಅಡಗಿರುವುದೇ ಹೆಚ್ಚು. ಬರಿಗಾಲಲ್ಲಿ ದುಡಿಯುವವರು ಅದನ್ನು ಮುಳ್ಳಿನ ಕಲೆ ಎಂದೇ ಬಿಟ್ಟುಬಿಡುತ್ತಾರೆ. ವಾರಕ್ಕೊಮ್ಮೆ ಕಾಲು ತೊಳೆದಾಗ ಅಂಗಾಲನ್ನು ತಿರುಗಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಬಾಯೊಳಗಿನ ಮಚ್ಚೆಯನ್ನು ಈ ನಿರಪಾಯಕಾರಿ ಪಟ್ಟಿಗೆ ಸೇರಿಸಬಾರದು. ಅಡಿಕೆ ಬೆಳೆಯುವ ನಾವೇ ಇದನ್ನು ಹೇಳಬೇಕು: ಅಡಿಕೆ ಜಗಿಯುವುದು, ಹೊಗೆಸೊಪ್ಪು ಸೇರದಿದ್ದರೂ, ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದೆ. ಕೆನ್ನೆಯ ಒಳಬದಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲು ಕಷ್ಟ ಕಂಡರೆ ಜಗಿಯುವುದನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.

ಕ್ಯಾಲನೂರು ಕಡೆಯವರಿಗೆ ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ. ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಉಳಿದ ಕಡೆಯವರು ತಮ್ಮ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು.

ಕಾರಣ ತಿಳಿಯದ್ದೆಲ್ಲ ಅಪಾಯವಲ್ಲ. ಹಳೆಯದಾಗಿ, ಬದಲಾಗದೆ, ನೋಯದೆ ಇರುವುದನ್ನು ಅದರ ಪಾಡಿಗೆ ಬಿಡೋಣ. ಬದಲಾಗುವುದನ್ನು, ಜೋಮು ಹಿಡಿದದ್ದನ್ನು, ಮಾಯದ್ದನ್ನು ತೋರಿಸೋಣ. ಸುಣ್ಣ ಅದರ ಡಬ್ಬಿಯಲ್ಲೇ ಇರಲಿ. ಸದಸ್ಯ ಬಾಂಧವರು ಈ ಮಾತನ್ನು ತಮ್ಮ ತೋಟದ ಆಳುಕಾಳುಗಳಿಗೂ ತಿಳಿಸಬೇಕೆಂದು ನಮ್ಮ ವಿನಂತಿ.