ಕಿತ್ತೂರಿನ ಗೋಡೆ, ರಾಮದುರ್ಗದ ಮಗ್ಗ

1824ರ ಅಕ್ಟೋಬರ್ 23ರಂದು ಕಿತ್ತೂರಿನ ಯುದ್ಧದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಪಾಳುಬಿದ್ದ ಅರಮನೆಯ ದಪ್ಪ ಗೋಡೆ ಮುಟ್ಟಿ, ಅಲ್ಲಿಂದ ಬೈಲಹೊಂಗಲಕ್ಕೆ ಬಂದು ರಾಣಿ ಚೆನ್ನಮ್ಮನ ಸಮಾಧಿಯೆದುರು ನಿಂತ ಮಗು ಕೇಳುವುದೇ ಬೇರೆ: ಗೆದ್ದ ರಾಣಿ 1829ರಲ್ಲಿ ಇಲ್ಲಿ ಸೆರೆಯಲ್ಲಿ ಸತ್ತದ್ದೇಕೆ? ಇದಕ್ಕೆ ಉತ್ತರಿಸಲು ಬ್ರಿಟಿಷರು ಒಪ್ಪದ ದತ್ತಕದ ತಕರಾರು, ಅದೇ ಡಿಸೆಂಬರಿನ ಎರಡನೇ ಯುದ್ಧ ಎರಡನ್ನೂ ಬಿಡಿಸಿ ಹೇಳಲೇಬೇಕು.

ವೀರಗಾಥೆಗೇ ನಿಂತರೆ ಶಾಲಾ ಪ್ರವಾಸ ಅರ್ಧವಾದೀತು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹಣೆತುಂಬ ಭಂಡಾರ ಹಚ್ಚಿಕೊಂಡವರ ‘ಉಧೋ ಉಧೋ’ದ ನಡುವೆ ಕನ್ನಡದ ಜೊತೆ ಮರಾಠಿಯೂ ಕಿವಿಗೆ ಬೀಳುತ್ತದೆ. ಈ ದೇವಿಗೆ ಹೆಣ್ಣುಮಕ್ಕಳನ್ನು ಬಿಡುತ್ತಿದ್ದ ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ಏಕೆ ನಿಷೇಧಿಸಿತೆಂದು ಹೈಸ್ಕೂಲು ಮಕ್ಕಳಿಗೆ ಅಲ್ಲೇ ಹೇಳಬೇಕು. ಮುಜುಗರವೆಂದು ಮುಚ್ಚಿಟ್ಟರೆ ಅದು ಬರೀ ಜಾತ್ರೆ ನೋಡಿ ಬಂದಂತೆ. ರಾಮದುರ್ಗದಲ್ಲಂತೂ ಭಾವೆ ಮನೆತನದ ಸಂಸ್ಥಾನ, 1939ರ ಪ್ರಜೆಗಳ ಹೋರಾಟ, ನೇಕಾರರ ಓಣಿಯ ಮಗ್ಗದ ಸದ್ದು ಒಂದೇ ಊರಲ್ಲಿವೆ. ಸಿಲಬಸ್ ಮುಗಿಯುವುದಿಲ್ಲ, ದುಡ್ಡಿಲ್ಲ ಎಂಬ ಶಿಕ್ಷಕರ ಮಾತು ಸುಳ್ಳಲ್ಲ. ಆದರೆ ಸಿಲಬಸ್ಸಿನಲ್ಲೇ ಇರುವ ಪಾಠವಿದು. ಮೈಸೂರು ಪ್ರವಾಸದ ಖರ್ಚೂ ಇದಕ್ಕೆ ಬೇಡ. ವರ್ಷಕ್ಕೊಂದೇ ಊರು, ಒಂದೇ ದಿನ, ಕೆಂಪು ಬಸ್ಸು, ಬುತ್ತಿಯಲ್ಲಿ ರೊಟ್ಟಿ, ಕೈಯಲ್ಲೊಂದು ನೋಟ್‌ಬುಕ್. ನೇಕಾರರನ್ನು ಏನು ಕೇಳಬೇಕೆಂಬುದನ್ನು ಮಾತ್ರ ಮಕ್ಕಳೇ ಹಿಂದಿನ ದಿನ ಬರೆದುಕೊಳ್ಳಲಿ.