ಕಿರೀಟದೊಡನೆ ಕಳೆದುಹೋದ ಬೆಂಕಿ

ಕಥೋಲಿಕ ಕ್ರೈಸ್ತರ ಪರಮಗುರುವಾದ ಪೋಪ್ ಅವರಿಗೆ ಮೂರು ಸುತ್ತಿನ ಕಿರೀಟ ತೊಡಿಸಿ, ಹೆಗಲ ಮೇಲೆ ಹೊರುವ ಪೀಠದಲ್ಲಿ ಕುಳ್ಳಿರಿಸಿ, ಇಕ್ಕೆಲಗಳಲ್ಲಿ ಉಷ್ಟ್ರಪಕ್ಷಿಯ ಬಿಳಿ ಗರಿಗಳ ದೊಡ್ಡ ಬೀಸಣಿಗೆಗಳನ್ನು ಎತ್ತಿಹಿಡಿದು ಮೆರವಣಿಗೆ ಮಾಡಿಸುವ ಪದ್ಧತಿ ಹಲವು ಶತಮಾನಗಳ ಕಾಲ ನಡೆದುಬಂದು, 1963ರಿಂದ 1978ರವರೆಗಿನ ಹದಿನೈದೇ ವರ್ಷಗಳಲ್ಲಿ ಒಂದೊಂದಾಗಿ ನಿಂತುಹೋಯಿತು. ಅವುಗಳನ್ನು ಮತ್ತೆ ತರಬೇಕೇ ಎಂಬ ಚರ್ಚೆ ಮಾತ್ರ ನಿಂತಿಲ್ಲ. 2025ರ ಮೇ 8ರಂದು ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು, ತಮ್ಮ ಹಿಂದಿನ ಪೋಪ್ ಫ್ರಾನ್ಸಿಸ್ 2013ರಲ್ಲಿ ಬದಿಗಿರಿಸಿದ್ದ ಮೊಜೆಟ್ಟಾ ಎಂಬ ಕೆಂಪು ಗಿಡ್ಡ ಮೇಲಂಗಿಯನ್ನು ತೊಟ್ಟು ಸಂತ ಪೇತ್ರರ ಮಹಾದೇವಾಲಯದ ಬಾಲ್ಕನಿಗೆ ಬಂದಾಗ ಆ ಚರ್ಚೆಗೆ ಹೊಸ ಜೀವ ಬಂದಿತು. ಒಂದು ಮೇಲಂಗಿಯೇ ಮರಳಿದ ಮೇಲೆ ಉಳಿದವೂ ಮರಳಬಾರದೇಕೆ ಎಂದು ಕೆಲವರು ಆಸೆಯಿಂದಲೂ, ಮರಳಿಬಿಟ್ಟರೇನು ಗತಿ ಎಂದು ಇನ್ನು ಕೆಲವರು ಆತಂಕದಿಂದಲೂ ಕೇಳತೊಡಗಿದರು.

ಈ ವಿಧಿಗಳ ನಡುವೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದುದು ತಿಯಾರಾ ಎಂಬ ತ್ರಿಕಿರೀಟ. ಮೊದಲಿಗೆ ಅದು ಎತ್ತರದ, ಮೊನಚಾದ ಬಟ್ಟೆಯ ಟೋಪಿಯಾಗಿತ್ತು. ಅದರ ಬುಡಕ್ಕೆ ಒಂದು ಕಿರೀಟದ ಪಟ್ಟಿ ಸೇರಿತು. 1294ರಿಂದ 1303ರವರೆಗೆ ಪೋಪ್ ಆಗಿದ್ದ ಎಂಟನೆಯ ಬೋನಿಫಾಸ್ ಅವರ ಕಾಲಕ್ಕೆ ಎರಡನೆಯದೂ, ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಮೂರನೆಯದೂ ಕೂಡಿಕೊಂಡವು. ರಾಜರುಗಳೊಡನೆ ಪೋಪರು ಅಧಿಕಾರಕ್ಕಾಗಿ ಸೆಣಸುತ್ತಿದ್ದ ಕಾಲ ಅದು ಎಂಬುದನ್ನು ಮರೆಯುವಂತಿಲ್ಲ. ಮೂರು ಸುತ್ತುಗಳ ಅರ್ಥವೇನೆಂಬುದಕ್ಕೆ ಒಮ್ಮತದ ವಿವರಣೆ ಎಂದೂ ಇರಲಿಲ್ಲವಾದರೂ, ಕಿರೀಟವಿಡುವಾಗ ಕಾರ್ಡಿನಲ್ ಉಚ್ಚರಿಸುತ್ತಿದ್ದ ಲ್ಯಾಟಿನ್ ಮಾತು ಯಾವ ಸಂದೇಹಕ್ಕೂ ಎಡೆಗೊಡುತ್ತಿರಲಿಲ್ಲ: ಪೋಪ್ ಅರಸರಿಗೂ ರಾಜಕುಮಾರರಿಗೂ ತಂದೆ, ಲೋಕವನ್ನು ಆಳುವವನು, ಭೂಮಿಯ ಮೇಲೆ ಕ್ರಿಸ್ತನ ಪ್ರತಿನಿಧಿ ಎಂಬುದು ಅದರ ತಾತ್ಪರ್ಯ.

ಲೋಕವನ್ನು ಆಳುವವನೆಂದು ಕರೆಸಿಕೊಂಡವರ ಕಿರೀಟದ ಚರಿತ್ರೆಯಲ್ಲೇ ಆ ಮಾತಿನ ದೌರ್ಬಲ್ಯವೂ ಕಾಣುತ್ತದೆ. 1797ರಲ್ಲಿ ನೆಪೋಲಿಯನ್ ಹೇರಿದ ತೊಲೆಂಟಿನೊ ಒಪ್ಪಂದದ ದಂಡವನ್ನು ತೆರಲು ಆರನೆಯ ಪಯಸ್ ಹಳೆಯ ತ್ರಿಕಿರೀಟಗಳನ್ನು ಒಡೆಸಬೇಕಾಯಿತು. ಎರಡು ವರ್ಷಗಳ ತರುವಾಯ ಅವರು ಫ್ರೆಂಚರ ಸೆರೆಯಲ್ಲಿಯೇ ತೀರಿಕೊಂಡರು. ಅವರ ಉತ್ತರಾಧಿಕಾರಿ ಏಳನೆಯ ಪಯಸ್ ಅವರಿಗೆ 1800ರ ಮಾರ್ಚ್ 21ರಂದು ಪಟ್ಟಾಭಿಷೇಕವಾದದ್ದು ರೋಮಿನಲ್ಲಲ್ಲ, ವೆನಿಸ್‌ನ ಸಾನ್ ಜಾರ್ಜಿಯೊ ದ್ವೀಪದಲ್ಲಿ. ತಲೆಗೇರಿದ ಕಿರೀಟವನ್ನು ಕಾಗದವನ್ನು ಅರೆದು ಅಂಟಿನೊಡನೆ ಅಚ್ಚುಹಾಕಿ ಮಾಡಿ, ಆ ಊರಿನ ಹೆಂಗಸರು ಕೊಟ್ಟ ಒಡವೆಗಳಿಂದ ಸಿಂಗರಿಸಲಾಗಿತ್ತು. ಕೆಲವೇ ವರ್ಷಗಳಲ್ಲಿ ನೆಪೋಲಿಯನ್ ತಾನೇ ಒಂದು ಭಾರಿ ರತ್ನಕಿರೀಟವನ್ನು ಉಡುಗೊರೆಯಾಗಿ ಕಳುಹಿಸಿದನು, ಅದರಲ್ಲಿ ಒಡೆದ ಹಳೆಯ ಕಿರೀಟಗಳ ಹರಳುಗಳೂ ಇದ್ದವು. ಪೋಪರಿಗೆ ಹಗುರವಾದ ಕಾಗದದ ಕಿರೀಟವೇ ಮುಂದೆಯೂ ಪ್ರಿಯವಾಗಿ ಉಳಿಯಿತು.

ಆದರೆ ತ್ರಿಕಿರೀಟವೆಂದರೆ ಬರಿಯ ರಾಜ್ಯಾಧಿಕಾರದ ಗುರುತು ಎಂದು ತೀರ್ಪು ಕೊಡುವುದೂ ಅವಸರವಾದೀತು. ಮಧ್ಯ ಇಟಲಿಯಲ್ಲಿ ಪೋಪರು ಆಳುತ್ತಿದ್ದ ರಾಜ್ಯವು 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ರೋಮನ್ನು ಹೊಕ್ಕಾಗ ಕೊನೆಗೊಂಡಿತು. 1929ರ ಲ್ಯಾಟರನ್ ಒಪ್ಪಂದದಿಂದ 44 ಹೆಕ್ಟೇರಿನ ವ್ಯಾಟಿಕನ್ ನಗರರಾಜ್ಯ ಹುಟ್ಟುವವರೆಗೆ ಪೋಪರ ಕೈಯಲ್ಲಿ ಆಳಲು ನೆಲವಿರಲಿಲ್ಲ. ಅಂಥ ಕಾಲದಲ್ಲಿಯೂ, 1878ರಲ್ಲಿ, ಹದಿಮೂರನೆಯ ಲಿಯೋ ಸಿಸ್ಟೈನ್ ಪ್ರಾರ್ಥನಾಲಯದೊಳಗೆ ಕಿರೀಟ ಧರಿಸಿದರು. ರಾಜ್ಯ ಹೋದರೂ ಕಿರೀಟ ಉಳಿಯಿತೆಂದ ಮೇಲೆ ಅದರ ಅರ್ಥ ಆಧ್ಯಾತ್ಮಿಕವಾದದ್ದೇ ಇರಬೇಕು, ಕ್ರಿಸ್ತನ ಯಾಜಕತ್ವ, ಪ್ರವಾದಿತ್ವ, ಅರಸುತನಗಳನ್ನೇ ಅದು ಸೂಚಿಸುತ್ತದೆ ಎಂಬುದು ಪುನರುಜ್ಜೀವನವನ್ನು ಬಯಸುವವರ ವಾದ, ಮತ್ತು ಆ ವಾದದಲ್ಲಿ ಹುರುಳಿದೆ.

ಕೊನೆಯ ಪಟ್ಟಾಭಿಷೇಕ ನಡೆದದ್ದು 1963ರ ಜೂನ್ 30ರಂದು. ಆಗ ಎರಡನೆಯ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಎಲ್ಲ ಕಥೋಲಿಕ ಧರ್ಮಾಧ್ಯಕ್ಷರು ಕೂಡಿ ಧರ್ಮಸಭೆಯ ಸುಧಾರಣೆಯನ್ನು ಚರ್ಚಿಸಿದ ಸಮಾವೇಶ, ನಡೆಯುತ್ತಿದ್ದುದರಿಂದ ಮಹಾದೇವಾಲಯದ ಒಳಭಾಗವೆಲ್ಲ ಆಸನಸಾಲುಗಳಿಂದ ತುಂಬಿಹೋಗಿತ್ತು. ಸಮಾರಂಭವನ್ನು ಹೊರಗಿನ ಚೌಕದಲ್ಲಿ ಏರ್ಪಡಿಸಲಾಯಿತು. ಕಾರ್ಡಿನಲ್ ಒಟ್ಟಾವಿಯಾನಿ ಆರನೆಯ ಪಾಲ್ ಅವರ ತಲೆಯ ಮೇಲಿಟ್ಟ ಕಿರೀಟ, ಅವರು ಹಿಂದೆ ಮಹಾಧರ್ಮಾಧ್ಯಕ್ಷರಾಗಿದ್ದ ಮಿಲಾನ್ ನಗರದ ಭಕ್ತರ ಕಾಣಿಕೆಯಾಗಿತ್ತು. ಒಂದೂವರೆ ವರ್ಷವೂ ಕಳೆಯುವ ಮುನ್ನ, 1964ರ ನವೆಂಬರ್ 13ರಂದು, ಮಹಾಸಭೆಯ ಸದಸ್ಯರು ನೋಡುತ್ತಿದ್ದಂತೆಯೇ ಅವರು ಪೀಠದಿಂದಿಳಿದು ಬಂದು ಅದನ್ನು ಬಲಿಪೀಠದ ಮೇಲಿರಿಸಿ ಬಡವರಿಗೆ ಅರ್ಪಿಸಿದರು. ಆ ಕಿರೀಟ ಮುಂದೆ ಅಮೆರಿಕದ ವಾಷಿಂಗ್ಟನ್ ನಗರದ ಮಾತೆ ಮರಿಯಮ್ಮನವರ ರಾಷ್ಟ್ರೀಯ ದೇವಾಲಯವನ್ನು ಸೇರಿತು.

ಇದಾದ ಮೂರೇ ವಾರಗಳಲ್ಲಿ, ಡಿಸೆಂಬರ್ 2ರಂದು, ಆರನೆಯ ಪಾಲ್ ಬೊಂಬಾಯಿಗೆ ಬಂದಿಳಿದರು. ಭಾರತದ ನೆಲವನ್ನು ಮೆಟ್ಟಿದ ಮೊದಲ ಪೋಪ್ ಅವರು. ಇಲ್ಲಿ ತಾವು ಬಳಸಿದ, ಕಾಣಿಕೆಯಾಗಿ ಬಂದಿದ್ದ ದೊಡ್ಡ ಕಾರನ್ನು ಹೊರಡುವಾಗ ಮದರ್ ತೆರೇಸಾ ಅವರಿಗೆ ಕೊಟ್ಟುಹೋದರು. ತೆರೇಸಾ ಅದನ್ನು ಲಾಟರಿಗಿಟ್ಟು ಬಂದ ಹಣವನ್ನು ಕುಷ್ಠರೋಗಿಗಳ ಸೇವೆಗೆ ಬಳಸಿದರು. ಕಿರೀಟವನ್ನು ಇಳಿಸಿದ್ದು ಮತ್ತು ಕಾರನ್ನು ಬಿಟ್ಟುಕೊಟ್ಟದ್ದು ಒಂದೇ ಮನಸ್ಸಿನ ಎರಡು ಕೆಲಸಗಳು. ಅವುಗಳನ್ನು ಒಟ್ಟಿಗೆ ನೋಡಿದವರಿಗೆ, ಆರನೆಯ ಪಾಲ್ ಕಾಲದ ಗಾಳಿಗೆ ತಲೆಬಾಗಿ ಪರಂಪರೆಯನ್ನು ಕೈಬಿಟ್ಟರೆಂಬ ಆರೋಪವನ್ನು ಒಪ್ಪುವುದು ಕಷ್ಟ.

ಮುಂದಿನ ಬದಲಾವಣೆಗಳು ಬೇಗಬೇಗನೆ ಆದವು. 1968ರಲ್ಲಿ ಹೊರಡಿಸಿದ ಆಜ್ಞೆಯೊಂದರಿಂದ ಪೋಪರ ಆಸ್ಥಾನ ಬರಿಯ ಮನೆವಾರ್ತೆಯಾಯಿತು, ರೋಮಿನ ಶ್ರೀಮಂತ ಮನೆತನಗಳ ವಂಶಪಾರಂಪರ್ಯದ ಹುದ್ದೆಗಳು ಹೋದವು. 1970ರಲ್ಲಿ ಕುಲೀನರ ಕಾವಲುಪಡೆ ಮೊದಲಾದ ದಳಗಳು ವಿಸರ್ಜನೆಗೊಂಡು, 1506ರಿಂದ ನಡೆದುಬಂದ ಸ್ವಿಸ್ ಕಾವಲುಪಡೆಯೊಂದೇ ಉಳಿಯಿತು. 1978ರ ಸೆಪ್ಟೆಂಬರ್‌ನಲ್ಲಿ ಮೊದಲನೆಯ ಜಾನ್ ಪಾಲ್ ಪಟ್ಟಾಭಿಷೇಕವನ್ನೇ ಬೇಡವೆಂದು ಸರಳವಾದ ಆರಂಭದ ಬಲಿಪೂಜೆಯೊಂದನ್ನು ಅರ್ಪಿಸಿದರು. ಅದೇ ವರ್ಷದ ಅಕ್ಟೋಬರ್ 22ರಂದು ಎರಡನೆಯ ಜಾನ್ ಪಾಲ್ ಅವರೂ ಅದೇ ದಾರಿ ಹಿಡಿದರು. ಪೋಪರ ಲೌಕಿಕ ಅಧಿಕಾರದ ಗುರುತೆಂದು ಜನ ತಪ್ಪಾಗಿ ಭಾವಿಸಿರುವ ವಸ್ತುವಿಗೆ ಮರಳುವ ಕಾಲ ಇದಲ್ಲ ಎಂಬ ಅರ್ಥದಲ್ಲಿ ಪ್ರಬೋಧನೆಯಲ್ಲಿ ನುಡಿದರು. ತಪ್ಪಾಗಿ ಎಂದಿದ್ದಾರೆ, ಇದು ಕಾಲವಲ್ಲ ಎಂದಷ್ಟೇ ಹೇಳಿದ್ದಾರೆ ಎಂದು ಪುನರುಜ್ಜೀವನದ ಪರವಾದವರು ಇಂದಿಗೂ ಆ ಮಾತನ್ನು ಹಿಡಿದುಕೊಂಡಿದ್ದಾರೆ. ಕಿರೀಟವನ್ನು ನಿಷೇಧಿಸಿದ ಶಾಸನ ಯಾವುದೂ ಇಲ್ಲ. ನಾಳೆ ಯಾವ ಪೋಪ್ ಬೇಕಾದರೂ ಅದನ್ನು ತೊಡಬಹುದು. 2005ರಲ್ಲಿ ಹದಿನಾರನೆಯ ಬೆನೆಡಿಕ್ಟ್ ತಮ್ಮ ಲಾಂಛನದಲ್ಲಿ ತ್ರಿಕಿರೀಟದ ಜಾಗಕ್ಕೆ ಧರ್ಮಾಧ್ಯಕ್ಷರ ಎತ್ತರದ ಟೋಪಿಯಾದ ಮೈಟರ್ ಅನ್ನು ತಂದರಾದರೂ ವ್ಯಾಟಿಕನ್ನಿನ ಧ್ವಜದಲ್ಲಿ ಅದು ಹಾಗೆಯೇ ಇದೆ. ಮಹಾದೇವಾಲಯದಲ್ಲಿರುವ ಸಂತ ಪೇತ್ರರ ಕಂಚಿನ ವಿಗ್ರಹಕ್ಕೂ ಪ್ರತಿವರ್ಷ ಜೂನ್ 29ರ ಹಬ್ಬದಂದು ತ್ರಿಕಿರೀಟ ತೊಡಿಸಿ ಅಲಂಕರಿಸುತ್ತಾರೆ.

ಹೊರುವ ಪೀಠದ ಕಥೆ ಇನ್ನೊಂದು ಬಗೆಯದು. ಸೇದಿಯಾ ಜೆಸ್ತಾತೋರಿಯಾ ಎಂಬ ಆ ಪೀಠವನ್ನು ಕೆಂಪು ಸಮವಸ್ತ್ರದ ಹನ್ನೆರಡು ಮಂದಿ ಹೊರುತ್ತಿದ್ದರು. ಅಡ್ಡಪಲ್ಲಕ್ಕಿ ಉತ್ಸವವನ್ನು ಕಂಡ ಕನ್ನಡಿಗರಿಗೆ ಅದರ ವೈಭವವನ್ನೂ, ಅದರ ಸುತ್ತ ಏಳುವ ತಕರಾರನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯ ಜಾನ್ ಪಾಲ್ ಅದನ್ನು ನಿರಾಕರಿಸಿದ್ದರು, ಆದರೆ ನಡೆದುಬರುವ ಪೋಪ್ ಹಿಂದಿನ ಸಾಲಿನವರಿಗೆ ಕಾಣುವುದಿಲ್ಲವೆಂಬ ಕೊರಗು ಕೇಳಿಬಂದುದರಿಂದ ಮತ್ತೆ ಏರಿದರು, ಹಾಗೆ ಏರಿದವರಲ್ಲಿ ಅವರೇ ಕೊನೆಯವರು. ಅಂದರೆ ಪೀಠಕ್ಕೆ ಗೌರವದಾಚೆಗೆ ಒಂದು ಉಪಯೋಗವೂ ಇತ್ತು, ಆ ಉಪಯೋಗವನ್ನು ಈಗ ಪೋಪ್ ವಾಹನ ಪೂರೈಸುತ್ತಿದೆ. ಪೀಠವನ್ನು ಹೊರುತ್ತಿದ್ದವರ ಹುದ್ದೆ ಮಾತ್ರ ಅಳಿದಿಲ್ಲ. ಸೇದಿಯಾರಿ ಎಂಬ ಆ ಪರಿಚಾರಕರು ಇಂದಿಗೂ ಪೋಪರ ಭೇಟಿಗೆ ಬಂದವರನ್ನು ಕರೆದೊಯ್ಯುವ ಕೆಲಸ ಮಾಡುತ್ತಾರೆ, ಮತ್ತು ಪೋಪ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಡುತ್ತಾರೆ. ಬದುಕಿದ್ದಾಗ ಹೆಗಲೇರುವುದನ್ನು ಬಿಟ್ಟವರು ಈಗ ಸತ್ತ ಮೇಲೆ ಒಮ್ಮೆ ಮಾತ್ರ ಏರುತ್ತಾರೆ.

ಪೋಪರ ವೈಭವದ ಟೀಕೆ ಆಧುನಿಕರ ಕಂಡುಹಿಡಿಕೆಯೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕ್ಲೇರ್ವೋ ಮಠದ ಸಂತ ಬರ್ನಾರ್ಡರು, ಒಂದು ಕಾಲಕ್ಕೆ ತಮ್ಮ ಶಿಷ್ಯರೇ ಆಗಿದ್ದ ಪೋಪ್ ಮೂರನೆಯ ಯೂಜೀನ್ ಅವರಿಗೆ ಬರೆದ ಗ್ರಂಥದಲ್ಲಿ, ರೇಷ್ಮೆ ಉಟ್ಟು ಬಿಳಿಯ ಕುದುರೆಯೇರಿ ದಳದೊಡನೆ ಹೊರಟ ಪೇತ್ರನ ಬಗ್ಗೆ ಯಾರೂ ಕೇಳಿಲ್ಲ, ಈ ವಿಷಯದಲ್ಲಿ ನೀವು ಪೇತ್ರನಿಗಲ್ಲ, ಚಕ್ರವರ್ತಿ ಕಾನ್‌ಸ್ಟಂಟೈನನಿಗೆ ಉತ್ತರಾಧಿಕಾರಿ ಎಂದು ಎಚ್ಚರಿಸಿದರು. ಆದರೆ ಅದೆಲ್ಲವನ್ನೂ ಕೂಡಲೇ ಕಿತ್ತೊಗೆಯಿರಿ ಎನ್ನಲಿಲ್ಲ. ಕಾಲಕ್ಕೆ ತಕ್ಕಂತೆ ಸಹಿಸಿಕೊಳ್ಳಿ, ನಿಮಗೆ ಸಲ್ಲಬೇಕಾದದ್ದೆಂದು ಬಯಸಬೇಡಿ ಎಂಬುದು ಅವರ ಸಲಹೆ. ಒಂದು ವಿಧಿಯನ್ನು ಉಳಿಸಬೇಕೇ ಬಿಡಬೇಕೇ ಎಂಬುದಕ್ಕೆ ಅದರ ಹಳಮೆಗಿಂತಲೂ ಅದರ ಸರಳತೆಗಿಂತಲೂ ಈ ಸಲಹೆ ಒಳ್ಳೆಯ ಅಳತೆಗೋಲು: ಪೀಠದಲ್ಲಿ ಕುಳಿತ ಮನುಷ್ಯನಿಗೆ ಅದು ತನ್ನದೆಂಬ ಹಕ್ಕಿನ ಭಾವವನ್ನು ಬೆಳೆಸುತ್ತದೆಯೇ, ಅಥವಾ ಅವನು ಹೊತ್ತ ಹೊಣೆಯನ್ನು ನೆನಪಿಸುತ್ತದೆಯೇ?

ಈ ಕೋಲಿನಿಂದ ಅಳೆದಾಗ ಪಾಲಿಯಂ ತಾನಾಗಿಯೇ ಉಳಿಯುತ್ತದೆ. ಕೊರಳ ಸುತ್ತ ಹೆಗಲ ಮೇಲೆ ಧರಿಸುವ ಈ ಬಿಳಿಯ ಪಟ್ಟಿಯನ್ನು ಕುರಿಯ ಉಣ್ಣೆಯಿಂದ ನೇಯುತ್ತಾರೆ, ತಪ್ಪಿಹೋದ ಕುರಿಯನ್ನು ಹೆಗಲ ಮೇಲೆ ಹೊತ್ತು ತರುವ ಕುರುಬನನ್ನು ಅದು ಸೂಚಿಸುತ್ತದೆ. ಜನವರಿ 21ರಂದು, ಸಂತ ಆಗ್ನೆಸಮ್ಮನ ಹಬ್ಬದಲ್ಲಿ, ಕುರಿಮರಿಗಳನ್ನು ಹರಸುವ ವಾಡಿಕೆಯಿದೆ. ನೇಯ್ದ ಪಾಲಿಯಂಗಳನ್ನು ಸಂತ ಪೇತ್ರರ ಸಮಾಧಿಯ ಬಳಿ ಇರಿಸಿ, ಜೂನ್ 29ರಂದು ಹೊಸ ಮಹಾಧರ್ಮಾಧ್ಯಕ್ಷರಿಗೆ ಕೊಡುತ್ತಾರೆ. ಬೆಂಗಳೂರಿನ ಮಹಾಧರ್ಮಾಧ್ಯಕ್ಷರಿಗೂ ಇದು ಸಲ್ಲುತ್ತದೆ. 2015ರಲ್ಲಿ ಫ್ರಾನ್ಸಿಸ್, ಪಾಲಿಯಂ ತೊಡಿಸುವ ವಿಧಿ ಆಯಾ ಧರ್ಮಕ್ಷೇತ್ರದಲ್ಲಿಯೇ ಅಲ್ಲಿನ ಭಕ್ತರ ಮುಂದೆ ನಡೆಯಲಿ ಎಂದು ಬದಲಿಸಿದ್ದರು. 2025ರ ಜೂನ್ 29ರಂದು ಲಿಯೋ ಅದನ್ನು ಮತ್ತೆ ತಮ್ಮ ಕೈಯಿಂದಲೇ ತೊಡಿಸಿದರು. ಎರಡಕ್ಕೂ ತಕ್ಕ ಕಾರಣಗಳಿವೆ, ಹಳೆಯದು ಮರಳಿತೆಂದು ಯಾರಿಗೂ ನೋವಾಗಲಿಲ್ಲ.

ಫ್ರಾನ್ಸಿಸ್ ಅವರ ಸರಳತೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅರಮನೆಯನ್ನು ಬಿಟ್ಟು ಸಾಂತಾ ಮಾರ್ತಾ ಅತಿಥಿಗೃಹದಲ್ಲಿ ಉಳಿದ, 2013ರಲ್ಲಿ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಮುಸ್ಲಿಮರೂ ಹುಡುಗಿಯರೂ ಸೇರಿದಂತೆ ಕೈದಿಗಳ ಪಾದ ತೊಳೆದ ಅವರ ನಡೆ ಲೋಕದ ಮನ ಗೆದ್ದಿತು, ಗೆದ್ದದ್ದು ನ್ಯಾಯವೇ ಆಗಿತ್ತು. ಆದರೆ ಪ್ರತಿಯೊಂದು ಉಡುಗೆಯೂ ಆಯಾ ಪೋಪರ ಸ್ವಂತ ಆಯ್ಕೆಯಾದಾಗ ಜನ ಪೀಠಕ್ಕಿಂತ ಹೆಚ್ಚಾಗಿ ವ್ಯಕ್ತಿಯನ್ನು ನೋಡತೊಡಗುತ್ತಾರೆ: ಒಬ್ಬರ ಕಪ್ಪು ಬೂಟು, ಇನ್ನೊಬ್ಬರ ಕೆಂಪು ಪಾದರಕ್ಷೆ ಸುದ್ದಿಯಾಗುತ್ತವೆ. ಯಾರು ಬಂದರೂ ಒಂದೇ ಆಗಿರುವ ನಿಯತ ಉಡುಗೆಯಲ್ಲಿ ಮನುಷ್ಯ ಮರೆಯಾಗಿ ಹುದ್ದೆ ಮುಂದೆ ಬರುತ್ತದೆ. ಲಿಯೋ ಕೆಂಪು ಮೇಲಂಗಿಯನ್ನು ಮರಳಿ ತೊಟ್ಟದ್ದನ್ನು ಹೀಗೆಯೇ ಅರ್ಥಮಾಡಿಕೊಳ್ಳುವುದು ಸರಿ. ಕಿರೀಟಕ್ಕೂ ಇದೇ ಸಮರ್ಥನೆ ಹೊಂದದೇ ಎಂದರೆ, ಹೊಂದದು. ಒಮ್ಮೆ ಬಡವರ ಹೆಸರಿನಲ್ಲಿ ಬಲಿಪೀಠದ ಮೇಲೆ ಇಟ್ಟದ್ದನ್ನು ಮರಳಿ ತೆಗೆದುಕೊಳ್ಳುವವನ ಇಂಗಿತ ಏನೇ ಇರಲಿ, ಲೋಕಕ್ಕೆ ಅದು ಕೊಟ್ಟ ಕಾಣಿಕೆಯನ್ನು ಹಿಂಪಡೆದಂತೆಯೇ ಕಾಣುತ್ತದೆ. 2011ರಲ್ಲಿ ಜರ್ಮನಿಯ ಕೆಲವರು ಹೊಸ ತ್ರಿಕಿರೀಟವೊಂದನ್ನು ತಂದೊಪ್ಪಿಸಿದಾಗ, ಹಳೆಯ ಉಡುಗೆಗಳನ್ನು ಪ್ರೀತಿಸುತ್ತಿದ್ದ ಬೆನೆಡಿಕ್ಟ್ ಅವರು ಸ್ವೀಕರಿಸಿದರೇ ಹೊರತು ಧರಿಸಲಿಲ್ಲ.

ಆದರೆ ಕಿರೀಟದೊಡನೆ ಹೋಗಬಾರದಾಗಿದ್ದ ಒಂದು ವಿಧಿಯೂ ಹೊರಟುಹೋಯಿತು, ಅದನ್ನು ಕುರಿತು ಚರ್ಚೆ ನಡೆದದ್ದು ತೀರ ಕಡಿಮೆ. ಪಟ್ಟಾಭಿಷೇಕದ ದಿನ ಹೊಸ ಪೋಪ್ ಪೀಠವೇರಿ ಬಲಿಪೀಠದ ಕಡೆಗೆ ಸಾಗುತ್ತಿರುವಾಗ ಮೆರವಣಿಗೆಯನ್ನು ಮೂರು ಸಲ ತಡೆಯಲಾಗುತ್ತಿತ್ತು. ವಿಧಿಗಳ ಮೇಲ್ವಿಚಾರಕನು ಉದ್ದನೆಯ ಕೋಲೊಂದರ ತುದಿಗೆ ಅಗಸೆ ನಾರಿನ ಉಂಡೆಯನ್ನು ಸಿಕ್ಕಿಸಿ ಮುಂದೆ ಬಂದು ಮಂಡಿಯೂರುತ್ತಿದ್ದನು. ನಾರಿಗೆ ಬೆಂಕಿ ತಾಗಿಸಿದೊಡನೆ ಅದು ಭಗ್ಗನೆ ಹೊತ್ತಿ ಕ್ಷಣಮಾತ್ರದಲ್ಲಿ ಬೂದಿಯಾಗುತ್ತಿತ್ತು. ಪೂಜ್ಯ ತಂದೆಯೇ, ಲೋಕದ ವೈಭವ ಕಳೆದುಹೋಗುವುದು ಹೀಗೆಯೇ ಎಂದು ಅವನು ಲ್ಯಾಟಿನ್‌ನಲ್ಲಿ ಪೋಪರಿಗೆ ಕೇಳುವಂತೆ ಹೇಳುತ್ತಿದ್ದನು. ಮಧ್ಯಯುಗದಿಂದ ಬಂದ ಈ ಪದ್ಧತಿ 1963ರಲ್ಲಿ ಕೊನೆಯ ಬಾರಿ ನಡೆಯಿತು. ವೈಭವದ ನಡುವೆಯೇ ವೈಭವಕ್ಕೆ ಲಗಾಮು ಹಾಕಲೆಂದು ಹಿರಿಯರು ಇಟ್ಟಿದ್ದ ವಿಧಿ ಅದು. ವೈಭವ ಹೋದ ಮೇಲೆ ಲಗಾಮಿನ ಅಗತ್ಯವೇನೆಂದು ಭಾವಿಸಿದವರ ತರ್ಕವೂ ಅರ್ಥವಾಗುವಂಥದೇ.

ಆ ತರ್ಕ ಇಂದು ನಿಲ್ಲುವುದಿಲ್ಲ. ಪೋಪರ ತಲೆಯಿಂದ ಕಿರೀಟ ಇಳಿಯಿತು, ಆದರೆ ಕೀರ್ತಿ ಇಳಿಯಲಿಲ್ಲ. ಚೌಕ ತುಂಬಿದ ಲಕ್ಷಾಂತರ ಜನ, ಎತ್ತಿಹಿಡಿದ ಮೊಬೈಲುಗಳು, ಖಂಡಖಂಡಗಳಿಗೆ ಒಯ್ಯುವ ವಿಮಾನಯಾತ್ರೆಗಳು ಮಧ್ಯಯುಗದ ಯಾವ ಪೋಪರಿಗೂ ಸಿಕ್ಕಿರಲಿಲ್ಲ. ಸರಳತೆಗೇ ಜಯಕಾರ ಸಿಗುವ ಕಾಲದಲ್ಲಿ ಸರಳತೆಯೂ ಒಂದು ವೈಭವವಾಗಬಲ್ಲದು. 2005ರಲ್ಲಿ ಸಿದ್ಧಪಡಿಸಿದ ಅಧಿಕಾರಾರಂಭದ ವಿಧಿಯಲ್ಲಿ ಹೊಸ ಪೋಪರಿಗೆ ಪಾಲಿಯಂ ತೊಡಿಸಿ, ಬೆರಳಿಗೆ ಬೆಸ್ತರ ಉಂಗುರ ಹಾಕುತ್ತಾರೆ; ಮೀನುಗಾರನಾಗಿದ್ದ ಪೇತ್ರನ ಹೆಸರಿನಲ್ಲಿ ಬಂದ ಮುದ್ರೆಯುಂಗುರ ಅದು. ಅವೆರಡರ ಮೊದಲೋ ನಂತರವೋ ನಾರಿನ ಉಂಡೆಗೆ ಬೆಂಕಿ ತಾಗಿಸಲು ಆಸ್ಥಾನವಾಗಲಿ ಗರಿಯ ಬೀಸಣಿಗೆಯಾಗಲಿ ಹೊರುವ ಪೀಠವಾಗಲಿ ಬೇಕಾಗಿಲ್ಲ, ಹೆಚ್ಚು ಹೊತ್ತೂ ಹಿಡಿಯದು, ಮಹಾಸಭೆ ಸೇರಿ ನಿರ್ಣಯಿಸುವ ಅವಶ್ಯಕತೆಯೂ ಇಲ್ಲ. ಪೋಪ್ ಒಬ್ಬರ ಅನುಮತಿಯಿಂದ ವಿಧಿಪುಸ್ತಕಕ್ಕೆ ನಾಲ್ಕು ಸಾಲು ಸೇರಿದರೆ, ಮುಂದೆ ಆ ಪೀಠಕ್ಕೆ ಬರುವ ಪ್ರತಿಯೊಬ್ಬರೂ ತಮ್ಮ ಮೊದಲ ದಿನವೇ ಆ ಮಾತನ್ನು ಮೂರು ಸಲ ಕೇಳಬೇಕಾಗುತ್ತದೆ.