ಎತ್ತಿನ ನೋವೂ ಮದ್ದಿನ ಲೆಕ್ಕವೂ

ಕಳೆದ ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ, ಹಾರೂಗೇರಿಯ ನಮ್ಮ ಮನೆಯ ಕಟ್ಟೆಗೆ ನೆರೆಯ ರೈತನೊಬ್ಬನು ಗಾಬರಿಯಿಂದ ಬಂದನು. ಆತನು ನಮ್ಮ ಹಳೆಯ ವಿದ್ಯಾರ್ಥಿ. ಚಕ್ಕಡಿಗೆ ಹೂಡಿದ್ದ ಖಿಲಾರಿ ಎತ್ತು ಏರಿಯಲ್ಲಿ ಜಾರಿ ಮುಂಗಾಲು ಉಳುಕಿಸಿಕೊಂಡಿತ್ತು. ತಂದೆಯ ಮೊಣಕಾಲು ನೋವಿಗೆಂದು ತಂದು ಉಳಿದಿದ್ದ ಡೈಕ್ಲೋಫೆನಾಕ್ ಗುಳಿಗೆಗಳು ಆತನ ಕೈಯಲ್ಲಿದ್ದವು.

“ಮಾಸ್ತರ್ರೀ, ಅಪ್ಪಗ ಒಂದು ಗುಳಿಗಿ ಸಾಕಾಗತೈತಿ. ಎತ್ತು ಎಂಟು ಪಟ್ಟು ತೂಗತೈತಿ. ಎಂಟು ಗುಳಿಗಿ ಕೊಟ್ರ ಆತಲ್ರೀ? ಅಜ್ಜನ ಕಾಲಕ್ಕ ಬೆಲ್ಲದಾಗ ಅಫೀಮು ಇಟ್ಟು ನುಂಗಸ್ತಿದ್ರಂತ.”

ಆತನಿಗೆ ತ್ರೈರಾಶಿಕವನ್ನು ಕಲಿಸಿದವರು ನಾವೇ. ಆದರೆ ಈ ಲೆಕ್ಕಕ್ಕೆ ತ್ರೈರಾಶಿಕವು ಸಲ್ಲದು.

ಅಫೀಮಿಗೆ ಸಂಸ್ಕೃತದಲ್ಲಿ ಅಹಿಫೇನವೆಂದು ಹೆಸರು. ಹಾವಿನ ನೊರೆ ಎಂದರ್ಥ. ಗಸಗಸೆಯ ಕಾಯಿಯ ಹಾಲಿಗೂ ಹಾವಿಗೂ ಏನೂ ಸಂಬಂಧವಿಲ್ಲ. ಹೊರನಾಡಿನಿಂದ ಬಂದ ಶಬ್ದಕ್ಕೆ ನಮ್ಮ ಪಂಡಿತರು ತೊಡಿಸಿದ ವೇಷವದು. ಅದರ ಸಾರವಾದ ಮಾರ್ಫಿನ್ ನೋವನ್ನು ಅಡಗಿಸುವದು ನಿಜ. ಆದರೆ ಮನುಷ್ಯನ ಹೊಟ್ಟೆ ಬೇರೆ, ಎತ್ತಿನ ಹೊಟ್ಟೆ ಬೇರೆ. ಎತ್ತಿನ ಮೊದಲ ಜಠರವು ನೂರು ಲೀಟರಿಗೂ ಮಿಕ್ಕಿದ ಹುದುಗಿನ ಹಗೇವು. ಬಾಯಿಂದ ಕೊಟ್ಟ ಮದ್ದು ಆ ಮೇವಿನ ರಾಶಿಯಲ್ಲಿ ಕರಗಿ ತೆಳುವಾಗಿ, ಮೆಲ್ಲಮೆಲ್ಲನೆ ಮುಂದೆ ಸಾಗುವದು. ಕೆಲವು ಮದ್ದುಗಳನ್ನು ಅಲ್ಲಿಯ ಸೂಕ್ಷ್ಮಜೀವಿಗಳೇ ಕೆಡಿಸಿಬಿಡುವವು. ಕರುಳು ಹೀರಿದ್ದು ಮೊದಲು ಯಕೃತ್ತಿಗೆ ಹೋಗಬೇಕು. ಅದು ಮಾರ್ಫಿನ್ನಿನ ಬಹುಭಾಗವನ್ನು ಮಾರ್ಪಡಿಸಿ ಮೂತ್ರದ ದಾರಿಗೆ ಹಚ್ಚುವದು. ನೋವಿದ್ದಲ್ಲಿಗೆ ತಲುಪುವದು ಅಳಿದುಳಿದದ್ದು. ಆದುದರಿಂದಲೇ ಪಶುವೈದ್ಯರು ಈ ವರ್ಗದ ಮದ್ದನ್ನು ಸೂಜಿಯಿಂದ ಕೊಡುವರು.

ರಕ್ತಕ್ಕೆ ನೇರವಾಗಿ ಕೊಟ್ಟರೂ ತೂಕದ ಲೆಕ್ಕ ನಿಲ್ಲದು. ಇದೇ ವರ್ಗದ ಬ್ಯೂಟಾರ್ಫನಾಲ್ ಎಂಬ ಮದ್ದು ಮನುಷ್ಯನ ರಕ್ತದಲ್ಲಿ ಅರ್ಧಕ್ಕಿಳಿಯಲು ನಾಲ್ಕು ತಾಸಿನ ಸುಮಾರು ಬೇಕು. ಕರೆಯುವ ಆಕಳಿನಲ್ಲಿ ಸುಮಾರು 82 ನಿಮಿಷ ಸಾಕೆಂದು 1992ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಂಡಿತು. ದೇಹ ದೊಡ್ಡದು, ಮದ್ದು ಕಳೆಯುವದು ಬೇಗ! ಕುದುರೆಯದು ಇನ್ನೊಂದು ಬಗೆ: ನೋವಿಲ್ಲದ ಕುದುರೆಗೆ ಮಾರ್ಫಿನ್ ಕೊಟ್ಟರೆ ಅದು ಮಲಗುವ ಬದಲು ಚಡಪಡಿಸಿ ಅಡ್ಡಾಡಬಹುದು, ಕರುಳಿನ ಚಲನೆ ಕುಗ್ಗಿ ಹೊಟ್ಟೆಶೂಲೆಯ ಭಯವೂ ಉಂಟು.

ಗೃಹಿಣಿಯರು ಗಮನಿಸಬೇಕಾದದ್ದು ಹಾಲು. ಹಾಲು ರಕ್ತಕ್ಕಿಂತ ತುಸು ಆಮ್ಲವಾದದ್ದು. ಕ್ಷಾರಗುಣದ ಈ ಮದ್ದುಗಳು ಅದರೊಳಗೆ ಸೇರಿ ಅಲ್ಲಿಯೇ ನಿಲ್ಲಬಯಸುವವು. ಅದೇ ಪರೀಕ್ಷೆಯಲ್ಲಿ ಬ್ಯೂಟಾರ್ಫನಾಲಿನ ಅಂಶವು 36 ತಾಸುಗಳ ವರೆಗೆ ಹಾಲಿನಲ್ಲಿ ಕಂಡುಬಂದಿತು. ಆಕಳ ನೋವು ಅಡಗಿ, ರಕ್ತವೂ ತಿಳಿಯಾದ ಮೇಲೆ, ಕೂಸಿನ ಬಟ್ಟಲಲ್ಲಿ ಮದ್ದು ಉಳಿದಿರಬಹುದು. ಎಷ್ಟು ದಿನ ಹಾಲನ್ನು ಬಳಸಬಾರದೆಂದು ಸೂಜಿ ಹಾಕಿದವರನ್ನು ಕೇಳದೆ ಬಿಡಬಾರದು.

ಇನ್ನು ಆತನ ಕೈಯಲ್ಲಿದ್ದ ಗುಳಿಗೆ. ಡೈಕ್ಲೋಫೆನಾಕ್ ಅಫೀಮಿನ ಕುಲದ್ದಲ್ಲ. ಅದರ ಶೇಷ ಕಾಡಿದ್ದು ಬೇರೆ ರೀತಿ. ಮದ್ದು ಮೈಯಲ್ಲಿರುವಾಗಲೇ ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುವವೆಂದು 2004ರಲ್ಲಿ ಸಿದ್ಧವಾಯಿತು. ಪಶುಗಳಿಗಾಗಿ ಅದನ್ನು ತಯಾರಿಸುವದನ್ನು ಭಾರತ ಸರಕಾರವು 2006ರಲ್ಲಿ ನಿಷೇಧಿಸಿತು. ನಾವು ಬಾಲ್ಯದಲ್ಲಿ ಆಕಾಶದಲ್ಲಿ ಕಾಣುತ್ತಿದ್ದ ಆ ಹಕ್ಕಿಗಳು ಈಗ ನಮ್ಮ ಸೀಮೆಯಲ್ಲಿ ಕಣ್ಣಿಗೆ ಬೀಳುವದಿಲ್ಲ.

ಕೇಳುತ್ತ ಕೇಳುತ್ತ ಆತನು ಗುಳಿಗೆಗಳನ್ನು ಕಿಸೆಗೆ ಹಾಕಿಕೊಂಡನು. “ಅಫೀಮಂತೂ ಈಗ ಸಿಗೂದಿಲ್ರೀ,” ಎಂದನು. ಸಿಗಲೂಬಾರದು, 1985ರ ಮಾದಕ ದ್ರವ್ಯಗಳ ಕಾಯದೆ ಅದಕ್ಕೆ ಅಡ್ಡ ನಿಂತಿದೆ. ನಮಗೆ ಮಾತ್ರ ಒಂದು ಮಾತು ಮನಸ್ಸಿನಲ್ಲಿಯೇ ಉಳಿಯಿತು: ಸುಮಾರು 900 ವರ್ಷಗಳ ಹಿಂದೆಯೇ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದ ನಾಡಿದು, ಇಲ್ಲಿ ಎತ್ತಿನ ಮದ್ದನ್ನು ಮನುಷ್ಯನ ಗುಳಿಗೆಯಿಂದ ಎಣಿಸುವಂತಾಯಿತು.

ಮರುದಿನ ಬೆಳಿಗ್ಗೆ ಪಶುವೈದ್ಯರು ಕಾಲನ್ನು ಮುಟ್ಟಿ ನೋಡಿ, ಎಲುಬು ಮುರಿದಿಲ್ಲವೆಂದು ಹೇಳಿ, ಮೆಲಾಕ್ಸಿಕಾಮ್ ಸೂಜಿ ಹಾಕಿದರು. ಈ ಮದ್ದು ರಣಹದ್ದಿಗೆ ಅಪಾಯಕಾರಿಯಲ್ಲ. ನಾಲ್ಕನೆಯ ದಿನ ಎತ್ತು ಕಾಲೂರಿತು. ಹಂಗಾಮು ಮುಗಿಯುವ ವರೆಗೆ ಅದನ್ನು ಚಕ್ಕಡಿಗೆ ಹೂಡಕೂಡದೆಂದು ವೈದ್ಯರ ಅಪ್ಪಣೆಯಾಗಿದ್ದರಿಂದ, ಉಳಿದ ಕಬ್ಬನ್ನು ಆತನು ಬಾಡಿಗೆಯ ಟ್ರ್ಯಾಕ್ಟರಿನಲ್ಲಿ ಸಾಗಿಸಿದನು.